ಸೂಜಿ ಕೈ ಬಿಟ್ಟ ಮೇಲೆ

ನಲವತ್ತೈದು ದಾಟಿದವರಿಗೆ ಆ ಸ್ಟೀಲ್ ಡಬ್ಬಿ ನೆನಪಿರುತ್ತದೆ. ಡಾಕ್ಟರ ಷಾಪಿನ ಮೂಲೆಯಲ್ಲಿ ಸ್ಟೌ ಉರಿಯುತ್ತಿತ್ತು. ಅದರ ಮೇಲಿನ ಕುದಿಯುವ ನೀರಿನಲ್ಲಿ ಗಾಜಿನ ಸಿರಿಂಜೂ ಸೂಜಿಗಳೂ ಸಣ್ಣಗೆ ಸದ್ದು ಮಾಡುತ್ತಿದ್ದವು. ಕಾಂಪೌಂಡರ್ ಇಕ್ಕಳದಲ್ಲಿ ಅವನ್ನೆತ್ತಿ ಜೋಡಿಸುತ್ತಿದ್ದ. ಸೂಜಿ ಮೊಂಡಾದರೆ ಸಾಣೆ ಹಿಡಿದು ಮತ್ತೆ ಬಳಸುವುದೂ ಇತ್ತು. ಅಲ್ಲಿ ಎಸೆಯುವಂಥದ್ದು ಹೆಚ್ಚೇನೂ ಇರಲಿಲ್ಲ: ರಕ್ತ ಹೀರಿದ ಹತ್ತಿ, ಬ್ಯಾಂಡೇಜಿನ ತುಂಡು, ಒಡೆದ ಆಂಪ್ಯೂಲು. ಮನೆಯಲ್ಲಿ ಹೆರಿಗೆಯಾದರೆ ಮಾಸನ್ನು ಹಿತ್ತಲಿನಲ್ಲಿ ಹೂಳುತ್ತಿದ್ದರು. ಆಸ್ಪತ್ರೆಯ ಕಸ ಊರ ಕಸದೊಂದಿಗೆ ತಿಪ್ಪೆ ಸೇರುತ್ತಿತ್ತು. ಅದನ್ನು ಪ್ರತ್ಯೇಕವಾಗಿ ನೋಡಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಅನ್ನಿಸುವಂತೆ ಮಾಡಿದ್ದು ಪ್ಲಾಸ್ಟಿಕ್ಕು. ಒಮ್ಮೆ ಬಳಸಿ ಎಸೆಯುವ ಸಿರಿಂಜು ಪಶ್ಚಿಮ ದೇಶಗಳಲ್ಲಿ 1950–60ರ ದಶಕಗಳಲ್ಲೇ ಬಂದಿತ್ತು. ನಮ್ಮಲ್ಲಿ ಅದನ್ನು ಊರೂರಿಗೆ ತಲುಪಿಸಿದ್ದು ಎಚ್‌ಐವಿಯ ಭಯ. 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನೀತಿ ಸೋಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರು ಭಾರತದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದರು. ಅಲ್ಲಿಂದ ಮುಂದೆ ‘ಹೊಸ ಸೂಜಿ ತಾನೇ?’ ಎಂದು ಕೇಳುವುದನ್ನು ರೋಗಿ ಕಲಿತ. ಪೊಟ್ಟಣ ಅವನ ಕಣ್ಣೆದುರೇ ಹರಿಯಬೇಕು, ಬಳಸಿದ್ದು ಕಣ್ಣೆದುರೇ ಡಬ್ಬಿಗೆ ಬೀಳಬೇಕು. ಇದರಿಂದ ರೋಗಿಯ ಅಪಾಯ ನಿಜಕ್ಕೂ ಕಡಿಮೆಯಾಯಿತು. ಆದರೆ ಅಪಾಯ ಅಲ್ಲಿಗೆ ಮುಗಿಯಲಿಲ್ಲ, ಸೂಜಿಯ ಜೊತೆಗೇ ಮುಂದಿನ ಕೈಗೆ ಹೋಯಿತು. ಡಬ್ಬಿ ಎತ್ತುವ ಆಯಾಳ ಕೈಗೆ, ಚೀಲ ಕಟ್ಟುವ ವಾರ್ಡ್ ಬಾಯ್ ಕೈಗೆ, ತಿಪ್ಪೆ ಕೆದಕುವ ಹುಡುಗನ ಕೈಗೆ.

ಈ ಕೈಗಳಿಗೆ ಏನು ಗೊತ್ತು, ಅವು ಏನು ಮಾಡುತ್ತವೆ ಎಂದು ಕೇಳುವ ಅಧ್ಯಯನ ಕ್ಷೇತ್ರವೊಂದು ಕಳೆದ ಮೂರು ದಶಕಗಳಲ್ಲಿ ಬೆಳೆದಿದೆ. ಅದು ನಡೆದುಬಂದ ದಾರಿಯನ್ನು ಇಲ್ಲಿ ನೋಡಬೇಕೆಂದಿದ್ದೇನೆ. ನನ್ನ ಅನಿಸಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಈ ಕ್ಷೇತ್ರ ಬಹುಕಾಲ ಉತ್ತರಗಳನ್ನು ಎಣಿಸಿತು, ಕೈಗಳನ್ನು ನೋಡಲಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆ ಎರಡು ಬೇರೆ ಬೇರೆ ದಾರಿಗಳಿಂದ ಹುಟ್ಟಿತು. 1987 ಮತ್ತು 1988ರ ಬೇಸಿಗೆಗಳಲ್ಲಿ ನ್ಯೂಜೆರ್ಸಿ ಮತ್ತು ನ್ಯೂಯಾರ್ಕ್ ಕರಾವಳಿಗೆ ಸಿರಿಂಜುಗಳು ತೇಲಿಬಂದವು. ಬೀಚುಗಳನ್ನು ಮುಚ್ಚಬೇಕಾಯಿತು, ಜನ ಗಾಬರಿಯಾದರು. 1988ರಲ್ಲಿ ಅಲ್ಲಿನ ಸಂಸತ್ತು ವೈದ್ಯಕೀಯ ತ್ಯಾಜ್ಯದ ಜಾಡು ಹಿಡಿಯುವ ಕಾನೂನು ಮಾಡಿತು. ಇದು ಪರಿಸರದ ದಾರಿ. ಇನ್ನೊಂದು ದಾರಿಗೆ ಇಷ್ಟು ಸದ್ದಿರಲಿಲ್ಲ. 1984ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಸೂಜಿ ಚುಚ್ಚಿ ಏಡ್ಸ್ ವೈರಸ್ ತಗುಲಿದ ಆರೋಗ್ಯ ಕಾರ್ಯಕರ್ತೆಯೊಬ್ಬರ ವರದಿ ಬಂತು. 1988ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಜನೀನ್ ಜ್ಯಾಗರ್ ಮತ್ತು ಸಂಗಡಿಗರು ಒಂದೇ ಆಸ್ಪತ್ರೆಯಲ್ಲಿ ಹತ್ತು ತಿಂಗಳಲ್ಲಿ ನಡೆದ 326 ಸೂಜಿಗಾಯಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಯಾರಿಗೆ ಚುಚ್ಚಿತು ಎನ್ನುವುದಕ್ಕಿಂತ ಯಾವ ಉಪಕರಣ ಚುಚ್ಚಿತು, ಏನು ಮಾಡುವಾಗ ಚುಚ್ಚಿತು ಎನ್ನುವುದು ಅವರ ಪ್ರಶ್ನೆಯಾಗಿತ್ತು. ಮೂರರಲ್ಲೊಂದು ಗಾಯ ಸೂಜಿಗೆ ಮತ್ತೆ ಕ್ಯಾಪ್ ಹಾಕುವುದಕ್ಕೆ ಸಂಬಂಧಿಸಿತ್ತು. ಬಳಸಿದ ಮೇಲೆ ಬಿಡಿಸಬೇಕಾದ ಕೆಲವು ಉಪಕರಣಗಳು ಸಾಮಾನ್ಯ ಸಿರಿಂಜಿಗಿಂತ ಐದು ಪಟ್ಟಿಗೂ ಹೆಚ್ಚು ಗಾಯ ಮಾಡುತ್ತಿದ್ದವು.

ಈ ಅಧ್ಯಯನದ ಬಗ್ಗೆ ನನಗೆ ವಿಶೇಷ ಗೌರವವಿದೆ. ನರ್ಸಮ್ಮ ಅಜಾಗರೂಕಳು ಎಂದು ಅದು ಹೇಳಲಿಲ್ಲ. ಕ್ಯಾಪ್ ಹಾಕಬಾರದು ಎಂದು ಅವಳಿಗೆ ಗೊತ್ತಿರಬಹುದು. ಆದರೆ ಕೈಯಲ್ಲಿ ತೆರೆದ ಸೂಜಿ ಇದೆ, ಡಬ್ಬಿ ಇರುವುದು ವಾರ್ಡಿನ ಆ ತುದಿಯಲ್ಲಿ, ನಡುವೆ ಹತ್ತು ಹಾಸಿಗೆ, ಓಡಾಡುವ ಜನ. ಕ್ಯಾಪ್ ಹಾಕದೆ ನಡೆದುಹೋಗುವುದು ಇನ್ನೂ ಅಪಾಯ. ಅಂದರೆ ತಪ್ಪು ಡಬ್ಬಿಯ ಜಾಗದಲ್ಲೂ ಸೂಜಿಯ ರಚನೆಯಲ್ಲೂ ಇತ್ತು. ಇಂಥ ಕೆಲಸಗಳ ಬೆನ್ನಿಗೆ ಅಮೆರಿಕದಲ್ಲಿ 1991ರಲ್ಲಿ ರಕ್ತದಿಂದ ಹರಡುವ ಸೋಂಕುಗಳ ಕುರಿತು ಕಾರ್ಮಿಕ ಸುರಕ್ಷೆಯ ನಿಯಮ ಬಂತು, 2000ದಲ್ಲಿ ಸುರಕ್ಷಿತ ಸೂಜಿಗಳ ಕಾನೂನು ಬಂತು.

ಭಾರತ ಹಿಡಿದದ್ದು ಮೊದಲ ದಾರಿಯನ್ನು. 1990ರ ದಶಕದಲ್ಲಿ ದೆಹಲಿಯ ಕಸದ ಸಮಸ್ಯೆಯನ್ನು ಬಿ. ಎಲ್. ವಧೇರಾ ಎಂಬುವರು ಸುಪ್ರೀಂ ಕೋರ್ಟಿಗೆ ಒಯ್ದರು. 1996ರ ಮಾರ್ಚ್ 1ರ ತೀರ್ಪು, ಐವತ್ತು ಮತ್ತು ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳು ಇನ್ಸಿನರೇಟರ್ ಅಥವಾ ಅದಕ್ಕೆ ಸಮನಾದ ವ್ಯವಸ್ಥೆ ಹೊಂದಬೇಕೆಂದಿತು. ಸುಡುವುದೇ ಪರಿಹಾರ ಎಂಬ ಭಾವನೆ ಆಗ ಬಲವಾಗಿತ್ತು. ಆದರೆ ಸುಡುತ್ತಿದ್ದುದರಲ್ಲಿ ಪಿವಿಸಿ ಪ್ಲಾಸ್ಟಿಕ್ಕೂ ಇತ್ತು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಸರಿಯಾದ ಉಷ್ಣಾಂಶ ಸಿಗದೆ ಉರಿದರೆ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ದೆಹಲಿಯ ‘ಸೃಷ್ಟಿ’ ಎಂಬ ಸಂಘಟನೆ ಇದನ್ನು ಗಟ್ಟಿಯಾಗಿ ಹೇಳಿತು. ಎಲ್ಲವನ್ನೂ ಸುಡುವ ಬದಲು ಹುಟ್ಟಿದಲ್ಲೇ ಬೇರ್ಪಡಿಸಿ, ಪ್ಲಾಸ್ಟಿಕ್ಕನ್ನು ಆಟೋಕ್ಲೇವಿನಲ್ಲಿ ಬೇಯಿಸಿ ಸೋಂಕು ಕಳೆಯಬಹುದೆಂದು ವಾದಿಸಿತು. ಆ ವಾದ ಗೆದ್ದಾಗ ಒಂದು ಸಂಗತಿ ಬದಲಾಯಿತು. ಸುಡುವುದಾದರೆ ಯಂತ್ರವೊಂದಿದ್ದರೆ ಸಾಕು, ಬೇರ್ಪಡಿಸುವುದಾದರೆ ಆಸ್ಪತ್ರೆಯ ಪ್ರತಿಯೊಬ್ಬರಿಗೂ ತಿಳಿವಳಿಕೆ ಬೇಕು. ‘ಸಿಬ್ಬಂದಿಗೆ ಎಷ್ಟು ಗೊತ್ತು’ ಎಂಬ ಪ್ರಶ್ನೆ ಭಾರತದಲ್ಲಿ ಹುಟ್ಟಿದ್ದು ಇಲ್ಲಿಂದ.

1998ರ ಜುಲೈ 20ರಂದು ವೈದ್ಯಕೀಯ ತ್ಯಾಜ್ಯದ ಮೊದಲ ನಿಯಮಾವಳಿ ಹೊರಬಿತ್ತು. ಅದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದದ್ದು, ಜಾರಿಯ ಹೊಣೆ ಮಾಲಿನ್ಯ ನಿಯಂತ್ರಣ ಮಂಡಳಿಗಳದ್ದು. ಇದು ಸಣ್ಣ ಸಂಗತಿಯಲ್ಲ. ಮಂಡಳಿಯ ಕಣ್ಣು ಸಹಜವಾಗಿ ಹೊಗೆಯ ಮೇಲೆ, ನೀರಿನ ಮೇಲೆ, ಚೀಲಗಳ ತೂಕದ ಮೇಲೆ ಇರುತ್ತದೆ. ಚೀಲ ಎತ್ತುವವಳ ಲಸಿಕೆಯ ಚೀಟಿ ಆ ಕಣ್ಣಿಗೆ ಬೇಗ ಬೀಳುವುದಿಲ್ಲ.

ಆ ನಿಯಮಾವಳಿಯಲ್ಲಿ ತ್ಯಾಜ್ಯಕ್ಕೆ ಹತ್ತು ವರ್ಗಗಳಿದ್ದವು, ಚೀಲಗಳಿಗೆ ಹಳದಿ, ಕೆಂಪು, ನೀಲಿ ಅಥವಾ ಪಾರದರ್ಶಕ ಬಿಳಿ, ಕಪ್ಪು ಎಂದು ಬಣ್ಣಗಳು. ತೊಡಕಿದ್ದದ್ದು ಎರಡನ್ನೂ ಜೋಡಿಸುವಲ್ಲಿ. ರಕ್ತ ಹತ್ತಿದ ಬ್ಯಾಂಡೇಜು ಹಳದಿಗೂ ಹೋಗಬಹುದಿತ್ತು, ಕೆಂಪಿಗೂ ಹೋಗಬಹುದಿತ್ತು. ಪ್ಲಾಸ್ಟಿಕ್ ಕೊಳವೆಗಳು ಕೆಂಪಿಗೂ ನೀಲಿಗೂ. ಆಸ್ಪತ್ರೆ ಯಾವ ಸಂಸ್ಕರಣೆಯನ್ನು ಆರಿಸಿಕೊಳ್ಳುತ್ತದೋ ಅದಕ್ಕೆ ತಕ್ಕಂತೆ ಬಣ್ಣ ಎಂದು ನಿಯಮವೇ ಹೇಳಿತ್ತು. ಹಾಗಾಗಿ ಒಂದು ಆಸ್ಪತ್ರೆಯಲ್ಲಿ ಕಲಿತ ನರ್ಸು ಇನ್ನೊಂದಕ್ಕೆ ಸೇರಿದಾಗ ಕಲಿತದ್ದನ್ನು ಮರೆಯಬೇಕಾಗಿ ಬರಬಹುದಿತ್ತು. ಮುಂದಿನ ಹದಿನೈದು ವರ್ಷ ನೂರಾರು ಪ್ರಶ್ನಾವಳಿಗಳು ‘ಬಣ್ಣದ ಸಂಕೇತದ ಅರಿವು ಕಡಿಮೆ’ ಎಂದು ಬರೆದವು. ಆ ಅಂಕಗಳಲ್ಲಿ ಎಷ್ಟು ಸಿಬ್ಬಂದಿಯ ಅಜ್ಞಾನ, ಎಷ್ಟು ನಿಯಮದ ಗೊಂದಲ ಎಂದು ಬೇರ್ಪಡಿಸಿ ನೋಡಿದವರು ಕಡಿಮೆ.

ಪ್ರಶ್ನಾವಳಿಯ ಈ ವಿಧಾನಕ್ಕೆ ಅರಿವು–ಧೋರಣೆ–ಆಚರಣೆಯ ಸಮೀಕ್ಷೆ ಎಂದು ಹೆಸರು. ಸಂಶೋಧಕರ ಬಾಯಲ್ಲಿ ‘ಕೆಎಪಿ’. 1950ರ ದಶಕದಲ್ಲಿ ಕುಟುಂಬ ಯೋಜನೆಯ ಅಧ್ಯಯನಗಳಿಗೆಂದು ರೂಪುಗೊಂಡದ್ದು ಇದು. ಅಗ್ಗ, ಬೇಗ ಮುಗಿಯುತ್ತದೆ, ಶೇಕಡಾವಾರು ಲೆಕ್ಕ ಸಿಗುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಇದಕ್ಕಿಂತ ಅನುಕೂಲದ ವಿಷಯ ಇನ್ನೊಂದಿಲ್ಲ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಬಂಧಗಳನ್ನು ತೆಗೆದು ನೋಡಿದರೆ ವೈದ್ಯಕೀಯ ತ್ಯಾಜ್ಯದ ಅರಿವು ಮತ್ತೆ ಮತ್ತೆ ಎದುರಾಗುತ್ತದೆ. ಪಾಠಕ್ಕೆ ಮೊದಲು ಒಂದು ಪರೀಕ್ಷೆ, ನಡುವೆ ಒಂದು ‘ವ್ಯವಸ್ಥಿತ ಬೋಧನಾ ಕಾರ್ಯಕ್ರಮ’, ಆಮೇಲೆ ಇನ್ನೊಂದು ಪರೀಕ್ಷೆ. ಅಂಕ ಏರುತ್ತದೆ. ಪಾಠ ಕೇಳಿದ ಕೆಲವೇ ದಿನಗಳಲ್ಲಿ ಅದೇ ಪ್ರಶ್ನೆ ಕೇಳಿದರೆ ಏರದೆ ಇರುತ್ತದೆಯೇ? ಆರು ತಿಂಗಳ ನಂತರ, ರಾತ್ರಿ ಪಾಳಿಯಲ್ಲಿ, ಒಬ್ಬಳೇ ಸಿಸ್ಟರ್ ನಲವತ್ತು ರೋಗಿಗಳನ್ನು ನೋಡುವಾಗ ಆ ಅಂಕ ಎಲ್ಲಿ ಹೋಗುತ್ತದೆ ಎಂದು ತಿಳಿಯಲು ಪ್ರಬಂಧದ ಅವಧಿ ಸಾಲುವುದಿಲ್ಲ. ಆ ವಿದ್ಯಾರ್ಥಿನಿಯರ ಶ್ರಮವನ್ನು ನಾನು ಹಳಿಯುತ್ತಿಲ್ಲ. ಅವರಿಗೆ ಕೊಟ್ಟ ಅಳತೆಗೋಲೇ ಗಿಡ್ಡದು.

ಹಾಗೆಂದು ಕೆಎಪಿ ಸಮೀಕ್ಷೆಗಳು ವ್ಯರ್ಥವಾಗಲಿಲ್ಲ. ಅಲಹಾಬಾದಿನ ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತೆಗೆದುಕೊಳ್ಳಿ. ನಿಯಮಗಳ ವಿಚಾರದಲ್ಲಿ ವೈದ್ಯರು, ನರ್ಸುಗಳು, ಪ್ರಯೋಗಾಲಯದ ತಂತ್ರಜ್ಞರಿಗೆ ಸ್ವಚ್ಛತಾ ಸಿಬ್ಬಂದಿಗಿಂತ ಹೆಚ್ಚು ತಿಳಿದಿತ್ತು. ಬಣ್ಣದ ಚೀಲಗಳ ವಿಚಾರ ಬಂದಾಗ ಮಾತ್ರ ನರ್ಸುಗಳು ವೈದ್ಯರನ್ನು ಮೀರಿಸಿದರು. ಸ್ವಚ್ಛತಾ ಸಿಬ್ಬಂದಿ ಎಲ್ಲ ಲೆಕ್ಕದಲ್ಲೂ ಹಿಂದೆ. ಗಾಯವಾದರೆ ವರದಿ ಮಾಡುವುದು ಎಲ್ಲರಲ್ಲೂ ಕಡಿಮೆ. ದೇಶದ ಯಾವ ಮೂಲೆಯ ಸಮೀಕ್ಷೆ ತೆಗೆದರೂ ಹೆಚ್ಚುಕಡಿಮೆ ಇದೇ ಚಿತ್ರ. ಕಾಯಿದೆ ಬಲ್ಲವರು ಕಸ ಮುಟ್ಟುವುದಿಲ್ಲ, ಕಸ ಮುಟ್ಟುವವರಿಗೆ ಕಾಯಿದೆಯನ್ನು ಯಾರೂ ಅವರ ಮಾತಿನಲ್ಲಿ ಹೇಳಿಲ್ಲ.

ಮಾತು ಎಂದಾಗ ಒಂದು ಸಂಗತಿ ಹೇಳಲೇಬೇಕು. ಕರ್ನಾಟಕದ ಎಷ್ಟೋ ಆಸ್ಪತ್ರೆಗಳಲ್ಲಿ ಡಬ್ಬಿಗಳ ಮೇಲಿನ ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡಕ್ಕೆ ತಂದರೂ ‘ಮಾನವ ಅಂಗರಚನಾ ತ್ಯಾಜ್ಯ’ ಎಂದು ಬರೆದಿರುತ್ತಾರೆ. ಹೆರಿಗೆ ವಾರ್ಡಿನ ಆಯಾಗೆ ಅದು ಮಾಸು ಅಥವಾ ಸತ್ತೆ. ‘ಅಂಗರಚನಾ ತ್ಯಾಜ್ಯ ಯಾವ ಚೀಲಕ್ಕೆ?’ ಎಂದರೆ ಸುಮ್ಮನಿರುತ್ತಾಳೆ, ಉತ್ತರಪತ್ರಿಕೆಯಲ್ಲಿ ಸೊನ್ನೆ ಬೀಳುತ್ತದೆ. ‘ಮಾಸು ಯಾವ ಕವರಿಗೆ ಹಾಕ್ತೀಯವ್ವ?’ ಎಂದರೆ ಹಳದಿ ಕವರನ್ನು ಬೆರಳು ಮಾಡಿ ತೋರಿಸುತ್ತಾಳೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಂತೂ ಒಂದೇ ಪಾಳಿಯಲ್ಲಿ ಮಲಯಾಳಂ ಮಾತಾಡುವ ನರ್ಸು, ತೆಲುಗು ಇಲ್ಲವೆ ತಮಿಳಿನ ಆಯಾ, ಹಿಂದಿಯ ವಾರ್ಡ್ ಬಾಯ್ ಇರಬಹುದು. ಅಲ್ಲಿ ಬಣ್ಣವೇ ಭಾಷೆ.

ಆ ಭಾಷೆಯಲ್ಲೂ ಒಂದು ತಕರಾರಿದೆ. ಬೆಂಗಳೂರಿನ ಮನೆಗಳಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಬಂದಾಗ ಕೆಂಪು ಬುಟ್ಟಿ ಎಂದರೆ ಸ್ಯಾನಿಟರಿ ಪ್ಯಾಡು, ಡಯಾಪರು, ಬ್ಯಾಂಡೇಜು ಹಾಕುವ, ಮತ್ತೆ ಬಳಸಲಾಗದ ಕಸದ ಬುಟ್ಟಿ. ಆಸ್ಪತ್ರೆಯ ಕೆಂಪು ಚೀಲ ಅದಕ್ಕೆ ತದ್ವಿರುದ್ಧ. ಗ್ಲುಕೋಸ್ ಬಾಟಲಿ, ಕೊಳವೆ, ಕೈಗವಸು, ಸೂಜಿ ತೆಗೆದ ಸಿರಿಂಜು ಇಂಥ ಪ್ಲಾಸ್ಟಿಕ್ಕನ್ನು ಸೋಂಕು ಕಳೆದು ಮರುಬಳಕೆಗೆ ಕಳಿಸುವ ಚೀಲ ಅದು. ಬೆಳಗ್ಗೆ ಮನೆಯಲ್ಲಿ ಒಂದು ಅರ್ಥ, ಎಂಟು ಗಂಟೆಗೆ ಡ್ಯೂಟಿಗೆ ಬಂದರೆ ಇನ್ನೊಂದು. ಆಯಾ ಬ್ಯಾಂಡೇಜನ್ನು ಕೆಂಪು ಚೀಲಕ್ಕೆ ಹಾಕಿದರೆ ಅಜ್ಞಾನ ಎಂದು ಬರೆದುಕೊಳ್ಳುವ ಮೊದಲು ಅವಳ ಮನೆಯ ಬುಟ್ಟಿಯನ್ನು ನೋಡಬೇಕು.

ವ್ಯಕ್ತಿಗಳನ್ನು ಬಿಟ್ಟು ವ್ಯವಸ್ಥೆಯನ್ನು ನೋಡಿದ ದೊಡ್ಡ ಅಧ್ಯಯನವೆಂದರೆ ಇಂಡಿಯಾಕ್ಲೆನ್ ಎಂಬ ಸಂಶೋಧನಾ ಜಾಲದ್ದು. ಇಪ್ಪತ್ತು ರಾಜ್ಯಗಳ 25 ಜಿಲ್ಲೆಗಳಲ್ಲಿ ಮಾಹಿತಿ ಕಲೆಹಾಕಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಪ್ರಾಥಮಿಕ ಹಂತದ ಆರೋಗ್ಯ ಕೇಂದ್ರಗಳಲ್ಲಿ ಸುಮಾರು 82%, ಮಧ್ಯಮ ಹಂತದಲ್ಲಿ 60%, ದೊಡ್ಡ ಆಸ್ಪತ್ರೆಗಳಲ್ಲಿ 54% ಕಡೆ ತ್ಯಾಜ್ಯಕ್ಕೆ ನಂಬುವಂಥ ವ್ಯವಸ್ಥೆಯೇ ಇರಲಿಲ್ಲ. ಇದೇ ಜಾಲ ಇಂಜೆಕ್ಷನ್ ಕುರಿತು ನಡೆಸಿದ ಇನ್ನೊಂದು ಸಮೀಕ್ಷೆ, ದೇಶದಲ್ಲಿ ವರ್ಷಕ್ಕೆ ಸುಮಾರು 300 ಕೋಟಿ ಇಂಜೆಕ್ಷನ್ ಕೊಡಲಾಗುತ್ತದೆ, ಅದರಲ್ಲಿ 62.9% ಸುರಕ್ಷಿತವಲ್ಲ ಎಂದು ಅಂದಾಜು ಮಾಡಿತು. ಈ ಅಂಕಿಗಳನ್ನು ಓದಿದ ಮೇಲೆ ಸಿಬ್ಬಂದಿಯ ಅರಿವಿನ ಶೇಕಡಾವಾರನ್ನು ಬೇರೆ ರೀತಿಯಲ್ಲಿ ಓದಬೇಕಾಗುತ್ತದೆ. ಬೇರ್ಪಡಿಸಿದ ಚೀಲಗಳನ್ನೆಲ್ಲ ಒಂದೇ ಗಾಡಿಗೆ ಸುರಿಯುವ ಕಡೆ ಬೇರ್ಪಡಿಸುವ ಪಾಠಕ್ಕೆ ಏನು ಅರ್ಥ? ಒಮ್ಮೆ ಅದನ್ನು ಕಣ್ಣಾರೆ ಕಂಡ ನರ್ಸು ಮರುದಿನದಿಂದ ಕೈಗೆ ಸಿಕ್ಕಿದ ಬಕೆಟ್ಟಿಗೇ ಹಾಕುತ್ತಾಳೆ.

ಕಾಗದದ ಮೇಲಿನ ನಿಯಮ ಜನರ ಜೀವಕ್ಕೆ ಹೇಗೆ ತಟ್ಟುತ್ತದೆ ಎಂಬುದು 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾದಲ್ಲಿ ಕಂಡಿತು. ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಸಿರಿಂಜುಗಳ ಮರುಬಳಕೆ ಅದರ ಮೂಲ ಎಂದು ತಿಳಿಯಿತು. ತನಿಖೆ ನಡೆದಂತೆ ಬಳಸಿದ ಸಿರಿಂಜುಗಳ ಗುಜರಿ ವ್ಯಾಪಾರವೂ ಹೊರಬಿತ್ತು. ಕಸದ ಬುಟ್ಟಿಗೆ ಬಿದ್ದ ಸಿರಿಂಜು ಇನ್ನೊಬ್ಬರ ತೋಳಿಗೆ ಮರಳಿ ಬರಬಲ್ಲದು ಎಂದು ದೇಶಕ್ಕೆ ಮನದಟ್ಟಾದದ್ದು ಆಗ. ಸೂಜಿಯ ಬುಡವನ್ನೇ ಕತ್ತರಿಸುವ ಹಬ್ ಕಟರ್, ಒಮ್ಮೆ ಒತ್ತಿದರೆ ತಾನೇ ಲಾಕ್ ಆಗುವ ಸಿರಿಂಜು ಇವುಗಳ ಬೆಲೆ ಇಲ್ಲಿ ಅರ್ಥವಾಗುತ್ತದೆ. ತಾನೇ ಲಾಕ್ ಆಗುವ ಸಿರಿಂಜು ಮಕ್ಕಳ ಲಸಿಕಾ ಕಾರ್ಯಕ್ರಮಕ್ಕೆ ಮೊಡಾಸಾಗಿಂತ ಮುಂಚೆಯೇ ಬಂದಿತ್ತು. ಅದನ್ನು ಬಳಸುವವರ ಧೋರಣೆ ಹೇಗೇ ಇರಲಿ, ಆ ಸಿರಿಂಜು ಎರಡನೆಯ ಸಲ ಕೆಲಸ ಮಾಡುವುದಿಲ್ಲ.

ಅಷ್ಟರಲ್ಲಿ ಆಸ್ಪತ್ರೆಗೊಂದು ಇನ್ಸಿನರೇಟರ್ ಎಂಬ ಕಲ್ಪನೆ ಹಿಂದೆ ಸರಿದು, ಹಲವು ಆಸ್ಪತ್ರೆಗಳಿಗೆ ಒಂದೇ ಸಾಮೂಹಿಕ ಸಂಸ್ಕರಣಾ ಘಟಕ ಎಂಬ ಪದ್ಧತಿ ನಗರಗಳಲ್ಲಿ ನೆಲೆಯೂರಿತ್ತು.

2016ರ ಮಾರ್ಚ್ 28ರ ಹೊಸ ನಿಯಮಗಳು ಹಲವು ಗಂಟುಗಳನ್ನು ಬಿಡಿಸಿದವು. ಹತ್ತು ವರ್ಗಗಳ ಜಾಗದಲ್ಲಿ ನಾಲ್ಕು, ವರ್ಗಕ್ಕೊಂದೇ ಬಣ್ಣ. ರಕ್ತ ಹತ್ತಿದ್ದು, ಅಂಗಾಂಶ, ಅವಧಿ ಮುಗಿದ ಔಷಧ ಹಳದಿಗೆ. ಪ್ಲಾಸ್ಟಿಕ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಚೀಲಗಳಿಗೆ ಬಾರ್‌ಕೋಡ್ ಬಂತು, ಕ್ಲೋರಿನ್ ಇರುವ ಪ್ಲಾಸ್ಟಿಕ್ ಚೀಲಗಳನ್ನು ಕೈಬಿಡಬೇಕೆಂದಾಯಿತು. ಲಸಿಕಾ ಶಿಬಿರ, ರಕ್ತದಾನ ಶಿಬಿರ, ಆಯುಷ್ ಆಸ್ಪತ್ರೆ, ಶಾಲೆಯ ಪ್ರಥಮ ಚಿಕಿತ್ಸೆಯ ಕೋಣೆ ಕೂಡ ನಿಯಮದೊಳಗೆ ಬಂದವು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದವು ಇನ್ನು ಮೂರು: ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ, ಅದೇ ರೀತಿ ಆರೋಗ್ಯ ತಪಾಸಣೆ, ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿಗೆ ಲಸಿಕೆ. ಪರಿಸರದ ಕಾನೂನಿನೊಳಗೆ ಮನುಷ್ಯನ ಮೈ ಕೊನೆಗೂ ಇಷ್ಟು ಸ್ಪಷ್ಟವಾಗಿ ಕಾಣಿಸಿಕೊಂಡಿತು.

ಅರ್ಧ ಮಾತ್ರ ಕಾಣಿಸಿಕೊಂಡಿತು ಎನ್ನಬೇಕು. ಅದೇ ನಿಯಮಗಳಲ್ಲಿ ‘ದೊಡ್ಡ ಅಪಘಾತ’ ಎಂದರೇನು ಎಂಬ ವಿವರಣೆ ಇದೆ. ತ್ಯಾಜ್ಯದ ಲಾರಿ ಮಗುಚಿದರೆ ದೊಡ್ಡ ಅಪಘಾತ, ತ್ಯಾಜ್ಯ ಕೆರೆಗೋ ಹೊಳೆಗೋ ಸೇರಿದರೆ ದೊಡ್ಡ ಅಪಘಾತ. ಸೂಜಿ ಚುಚ್ಚಿದ್ದನ್ನು ಆ ವಿವರಣೆಯೇ ಹೊರಗಿಡುತ್ತದೆ. ಅದು ವಾರ್ಷಿಕ ವರದಿಯ ಒಂದು ಸಾಲು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕಿನ ಸಾಧ್ಯತೆ 6ರಿಂದ 30%, ಹೆಪಟೈಟಿಸ್ ಸಿ ಆದರೆ ಸುಮಾರು 1.8%, ಎಚ್‌ಐವಿ ಆದರೆ 0.3%. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟುವಂತಿಲ್ಲ. ಚುಚ್ಚಿಸಿಕೊಂಡವಳು ಈ ಗಡಿಯಾರದೊಂದಿಗೆ ಓಡಬೇಕು. ಆದರೆ ಅವಳು ಮೊದಲು ಯೋಚಿಸುವುದು ‘ಸೂಪರ್‌ವೈಸರ್‌ಗೆ ಹೇಳಿದರೆ ಬೈತಾರಾ, ಕೆಲಸ ಹೋಗುತ್ತಾ’ ಎಂದು. ಗಾಯ ವರದಿಯಾಗುವುದಿಲ್ಲ ಎಂಬ ಸಮೀಕ್ಷೆಗಳ ಸಾಲಿನ ಹಿಂದೆ ಈ ಭಯವಿದೆ.

ಆಸ್ಪತ್ರೆಗಳ ಸ್ವಚ್ಛತೆಯ ಕೆಲಸ ಹೊರಗುತ್ತಿಗೆಗೆ ಹೋದ ಮೇಲೆ ಈ ಭಯ ಹೆಚ್ಚಿದೆ. ಹಿಂದೆ ಡಿ ಗ್ರೂಪ್ ನೌಕರರಿದ್ದರು. ಕಷ್ಟದ ಕೆಲಸವೇ ಆದರೂ ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿದ್ದು, ಹೊಸ ಹೌಸ್ ಸರ್ಜನ್ನರಿಗೇ ಬುದ್ಧಿ ಹೇಳುವಷ್ಟು ತಿಳಿದಿರುತ್ತಿದ್ದರು. ಈಗ ಏಜೆನ್ಸಿ ಬದಲಾದರೆ ಮುಖಗಳೂ ಬದಲಾಗುತ್ತವೆ. ಹೆಪಟೈಟಿಸ್ ಬಿ ಲಸಿಕೆಗೆ ಮೂರು ಡೋಸು, ಮೂರನೆಯದು ಆರು ತಿಂಗಳಿಗೆ. ಐದನೆಯ ತಿಂಗಳಲ್ಲಿ ಕೆಲಸ ಬಿಟ್ಟವಳ ಮೂರನೆಯ ಡೋಸು ಯಾರ ಹೊಣೆ? ಈ ಕೆಲಸಕ್ಕೆ ಇಂದಿಗೂ ಹೆಚ್ಚಾಗಿ ದಲಿತ ಸಮುದಾಯದವರೇ ಬರುತ್ತಾರೆ ಎಂಬುದನ್ನೂ ಹೇಳಬೇಕು. ನರ್ಸ್, ವೈದ್ಯ, ತಂತ್ರಜ್ಞ, ‘ಇತರೆ’ ಎಂದು ಕೋಷ್ಟಕ ಮಾಡುವ ಸಮೀಕ್ಷೆಗಳು ಆ ‘ಇತರೆ’ಯೊಳಗೆ ಏನಿದೆಯೆಂದು ಅಪರೂಪಕ್ಕೆ ಬಿಡಿಸಿ ನೋಡುತ್ತವೆ.

ನೋಡುವ ರೀತಿ ಸ್ವಲ್ಪ ಬದಲಾಗಿದೆ. 2015ರಲ್ಲಿ ಶುರುವಾದ ‘ಕಾಯಕಲ್ಪ’ ಯೋಜನೆ ಸರ್ಕಾರಿ ಆಸ್ಪತ್ರೆಗಳಿಗೆ ಅಂಕ ಕೊಡುವಾಗ ತ್ಯಾಜ್ಯ ನಿರ್ವಹಣೆಯನ್ನೂ ಲೆಕ್ಕಕ್ಕೆ ಹಿಡಿಯಿತು. ಮೌಲ್ಯಮಾಪಕರು ಪ್ರಶ್ನೆ ಕೇಳುವುದರ ಜೊತೆಗೆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳ ನಡುವೆ ಪೈಪೋಟಿ ಹುಟ್ಟಿದ್ದು ಒಳ್ಳೆಯದೇ ಆಯಿತು. ಮೌಲ್ಯಮಾಪನದ ವಾರ ಹೊಳೆಯುವ ಬಕೆಟ್ಟುಗಳು ಉಳಿದ ದಿನಗಳಲ್ಲೂ ಹಾಗೇ ಇರುತ್ತವೆಯೇ ಎಂಬುದಕ್ಕೆ ಬೇರೆ ಬಗೆಯ ಅಧ್ಯಯನ ಬೇಕು. ಅಘೋಷಿತ ಭೇಟಿ, ಚೀಲಗಳ ತೂಕದ ದಿನಚರಿ, ಹಾಸಿಗೆಯಿಂದ ಡಬ್ಬಿಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ ಇವುಗಳನ್ನು ಹಿಡಿದು ಕೂರುವಂಥದ್ದು.

ಆಮೇಲೆ ಕೋವಿಡ್ ಬಂತು. 2021ರ ಮೇ ತಿಂಗಳಲ್ಲಿ ದೇಶದಲ್ಲಿ ಕೋವಿಡ್ ತ್ಯಾಜ್ಯವೇ ದಿನಕ್ಕೆ ಸುಮಾರು 200 ಟನ್ ಇತ್ತು. ಅದಕ್ಕೂ ಮೊದಲು ಮಾಮೂಲಿ ದಿನಗಳಲ್ಲಿ ಎಲ್ಲ ವೈದ್ಯಕೀಯ ತ್ಯಾಜ್ಯ ಸೇರಿ 600 ಟನ್ ಆಸುಪಾಸಿನಲ್ಲಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ 2020ರ ಕೆಲವೇ ತಿಂಗಳಲ್ಲಿ ಮತ್ತೆ ಮತ್ತೆ ಬದಲಾಯಿತು. ಎರಡು ಪದರದ ಚೀಲ ಕಡ್ಡಾಯವಾಯಿತು. ಮುಖಕವಚ, ತಲೆಗವಸು ಹಳದಿಗೆ, ಕನ್ನಡಕ, ಫೇಸ್ ಶೀಲ್ಡ್, ಕೈಗವಸು ಕೆಂಪಿಗೆ ಎಂದು ಪಿಪಿಇ ಕಿಟ್ಟನ್ನೇ ಬಿಡಿಸಿ ಹಂಚಬೇಕಾಯಿತು. ಬೆವರಿನಲ್ಲಿ ತೊಯ್ದ ಸಿಬ್ಬಂದಿ ಅದನ್ನು ಕಲಿತರು. ಹದಿನೈದು ವರ್ಷ ‘ಅರಿವು ಸಾಲದು’ ಎಂದು ಬರೆಸಿಕೊಂಡವರು ವಾರಗಳಲ್ಲಿ ಹೊಸ ಪಾಠ ಕಲಿತರು. ಏಕೆಂದರೆ ಆಗ ಚೀಲ, ಡಬ್ಬಿ, ಕೈಗವಸು ಬಹಳ ಕಡೆ ಕೈಗೆಟಕುವಲ್ಲಿದ್ದವು, ಮೇಲಿನವರ ಕಣ್ಣೂ ಅಲ್ಲೇ ಇತ್ತು, ತಮ್ಮ ಜೀವದ ಪ್ರಶ್ನೆಯೂ ಆಗಿತ್ತು. ಇಷ್ಟು ದೊಡ್ಡ ಪಾಠ ಹೇಗೆ ಸಾಧ್ಯವಾಯಿತು ಎಂದು ಸಾವಧಾನವಾಗಿ ಅಧ್ಯಯನ ಮಾಡಿದರೆ ಹತ್ತು ಪ್ರಶ್ನಾವಳಿ ಕೊಡದ ಉತ್ತರ ಸಿಕ್ಕೀತು.

ಕ್ಷೇತ್ರದ ಗಡಿ ಈಗ ಆಸ್ಪತ್ರೆಯ ಗೋಡೆಯನ್ನೂ ದಾಟಿದೆ. ಸಕ್ಕರೆ ಕಾಯಿಲೆಯ ಮನೆಗಳಲ್ಲಿ ದಿನವೂ ಇನ್ಸುಲಿನ್ ಸೂಜಿಗಳು ಬೀಳುತ್ತವೆ, ಹಾಸಿಗೆ ಹಿಡಿದ ಹಿರಿಯರ ಕೋಣೆಯಲ್ಲಿ ಕ್ಯಾಥೆಟರ್, ಡ್ರೆಸಿಂಗ್ ಬಟ್ಟೆ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿಯನ್ನು ‘ಗೃಹ ಅಪಾಯಕಾರಿ ತ್ಯಾಜ್ಯ’ ಎಂದು ಕರೆದು ಬೇರೆಯಾಗಿಡಲು ಹೇಳಿದವು. ಆದರೂ ಬಹಳ ಮನೆಗಳಲ್ಲಿ ಅದು ಹಾಲಿನ ಕವರಿನೊಳಗೆ ಸುತ್ತಿ ಬುಟ್ಟಿ ಸೇರುತ್ತದೆ. ಬೆಳಗ್ಗೆ ಆರು ಗಂಟೆಗೆ ಆಟೋ ಟಿಪ್ಪರ್ ಮುಂದೆ ನಿಂತ ಪೌರಕಾರ್ಮಿಕ ಮಹಿಳೆ ಆ ಬುಟ್ಟಿಯನ್ನು ಬರಿಗೈಯಲ್ಲಿ ಕೆದಕಿ ಒಣಕಸ ಬೇರ್ಪಡಿಸುತ್ತಾಳೆ. ಚುಚ್ಚಿದರೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಆ ಸೂಜಿ ಯಾರ ಮನೆಯದು ಎಂದು ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಯ ವಾರ್ಷಿಕ ವರದಿಯ ಆ ಒಂದು ಸಾಲಿನಲ್ಲೂ ಅವಳಿಗೆ ಜಾಗವಿಲ್ಲ.